ಎರಡನೇ ಗೇರಿನ ಸದ್ದು

ಇನ್ಶೂರೆನ್ಸ್ ಕಚೇರಿಯಿಂದ ನಿವೃತ್ತಳಾದ ಮೇಲೆ ನಾನು ಕಾರು ಓಡಿಸುವುದನ್ನು ಕಲಿತೆ. ಆಸೆಪಟ್ಟು ಕಲಿತದ್ದಲ್ಲ. ನನ್ನ ಗಂಡನ ಸಕ್ಕರೆ ಕಾಯಿಲೆ ಹಳೆಯದು. ಅದು ಮೆಲ್ಲಗೆ ಕಣ್ಣಿನ ಹಿಂದಿನ ಪರದೆಗೆ ಬಂದು, ಎದುರಿನ ಬಸ್ಸಿನ ಬೋರ್ಡು ಅವರಿಗೆ ನೀರಿನಲ್ಲಿ ಬರೆದ ಹಾಗೆ ಅಲೆಯಾಡತೊಡಗಿತು. ಪೋರೂರಿನ ಆಸ್ಪತ್ರೆಯಲ್ಲಿ ಕಣ್ಣಿಗೆ ಇಂಜೆಕ್ಷನ್ ಶುರುಮಾಡಿದ ಡಾಕ್ಟರು, ಇನ್ನು ಸದ್ಯಕ್ಕೆ ಸ್ಟೀರಿಂಗ್ ಮುಟ್ಟಬೇಡಿ ಎಂದರು.

ನಮ್ಮ ಮನೆ ಮದ್ರಾಸಿನ ಮಾಧವರಂನಲ್ಲಿ. ಅಲ್ಲಿಂದ ಪೋರೂರು ಹತ್ತಿರವಲ್ಲ. ಮೊದಲೆರಡು ಸಲ ಟ್ಯಾಕ್ಸಿಯಲ್ಲಿ ಹೋಗಿಬಂದೆವು. ಮೂರನೇ ಸಲ ಇಂಜೆಕ್ಷನ್ ಹಾಕಿಸಿಕೊಂಡು, ಒಂದು ಕಣ್ಣಿಗೆ ಪ್ಲಾಸ್ಟಿಕ್ ಕವಚ ಅಂಟಿಸಿಕೊಂಡು ಹೊರಗೆ ಬಂದರೆ, ಬುಕ್ ಮಾಡಿದ ಗಾಡಿ ಹತ್ತಿರ ಬಂದ ಹಾಗೆ ತೋರಿಸಿ ಹಿಂದಕ್ಕೆ ತಿರುಗಿ ಹೋಯಿತು. ಇನ್ನೊಂದು ಬುಕ್ ಮಾಡಿದೆ, ಅದೂ ಹಾಗೆಯೇ. ಉರಿಬಿಸಿಲು. ಅವರು ಆಸ್ಪತ್ರೆಯ ಕಾಂಪೌಂಡಿಗೆ ಒರಗಿ, ಕರವಸ್ತ್ರವನ್ನು ಕಣ್ಣಿಗೆ ಅಡ್ಡ ಹಿಡಿದು ನಿಂತಿದ್ದರು. ಮನೆಯಲ್ಲಿ ನಮ್ಮದೇ ಕಾರು ಕವರ್ ಹೊದ್ದು ನಿಂತಿತ್ತು. ಅವತ್ತು ಸಂಜೆಯೇ ನಾನು ಡ್ರೈವಿಂಗ್ ಸ್ಕೂಲಿಗೆ ಫೋನ್ ಮಾಡಿದೆ.

ನನಗೆ ಕಲಿಸಲು ಬಂದದ್ದು ಒಬ್ಬಳು ಹೆಂಗಸು. ಮೂವತ್ತೈದರ ಆಸುಪಾಸಿನವಳು, ಗಟ್ಟಿ ದನಿ, ತಾಳ್ಮೆ ಬಹಳ. ತಮಿಳಿನವಳು, ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದಳು. ನಮ್ಮ ಕಡೆ ಹಾಲಿನ ಡೈರಿಯ ಸುತ್ತ ಅಗಲವಾದ ರಸ್ತೆಗಳಿವೆ, ಇಕ್ಕೆಲದಲ್ಲೂ ಮರ. ಬೆಳಗಿನ ಹಾಲಿನ ವ್ಯಾನುಗಳು ಹೋದ ಮೇಲೆ ಅಲ್ಲಿ ಅಷ್ಟು ಗಲಾಟೆಯಿಲ್ಲ. ಅಲ್ಲಿಯೇ ಕಲಿತೆ. ಸ್ಕೂಲಿನ ಕಾರು ಹೇಳಿದ ಹಾಗೆ ಕೇಳುತ್ತಿತ್ತು. ಒಂದರಿಂದ ಎರಡು, ಎರಡರಿಂದ ಮೂರು, ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ. ಲೈಸೆನ್ಸೂ ಬಂತು. ಕಚೇರಿಯಲ್ಲಿ ಪ್ರಮೋಷನ್ ಬಂದಾಗಲೂ ನಾನು ಅಷ್ಟು ಬೀಗಿರಲಿಲ್ಲ.

ಆಮೇಲೆ ನಮ್ಮ ಕಾರಿನಲ್ಲಿ ಕೂತೆ. ಕಷ್ಟ ಶುರುವಾದದ್ದು ಅಲ್ಲಿಂದ.

ಮೊದಲನೇ ಗೇರಿನಲ್ಲಿ ಹೊರಟು ಎರಡನೆಯದಕ್ಕೆ ಎಳೆದರೆ ಗೇರ್ ಕಡ್ಡಿ ಬರುತ್ತಿರಲಿಲ್ಲ. ಬಲವಂತ ಮಾಡಿದರೆ ಒಳಗಿಂದ ಕರಕರ ಎಂದು ಹಲ್ಲು ಕಡಿದ ಸದ್ದು. ಪಕ್ಕದಲ್ಲಿ ಕೂತ ಇವರ ಮುಖ ಆ ಸದ್ದಿಗೆ ಕಿವುಚಿಕೊಳ್ಳುತ್ತಿತ್ತು. ರೈಲ್ವೆಯಲ್ಲಿ ಇಂಜಿನ್‌ಗಳ ನಡುವೆ ಕೆಲಸ ಮಾಡಿ ನಿವೃತ್ತರಾದವರು. ಯಂತ್ರ ನೊಂದರೆ ಅವರಿಗೇ ನೋಯುತ್ತದೆ.

"ಕ್ಲಚ್ ಪೂರ್ತಿ ಒತ್ತು. ಅರ್ಧ ಒತ್ತಿ ಗೇರ್ ಹಾಕ್ತೀಯ, ಅದಕ್ಕೇ ಕಿರುಚತ್ತೆ," ಎನ್ನುತ್ತಿದ್ದರು.

ನಾನು ಸೀಟನ್ನು ಮುಂದಕ್ಕೆ ಎಳೆದುಕೊಂಡೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒತ್ತಿದೆ. ಬೆನ್ನಿಗೆ ದಿಂಬು ಇಟ್ಟುಕೊಂಡೆ. ಕಾಲು ನೆಲಕ್ಕೆ ತಾಗುವವರೆಗೆ ಒತ್ತಿದರೂ ಅದೇ ಕರಕರ. ಮಧ್ಯಾಹ್ನ ಅವರು ಮಲಗಿದಾಗ ನಿಂತ ಕಾರಿನಲ್ಲಿ ಒಬ್ಬಳೇ ಕೂತು, ಇಂಜಿನ್ ಆರಿಸಿ, ಒಂದು ಎರಡು ಒಂದು ಎರಡು ಎಂದು ಗೇರ್ ಹಾಕಿ ಅಭ್ಯಾಸ ಮಾಡುತ್ತಿದ್ದೆ. ನಿಂತಾಗ ಸರಿಯಾಗಿಯೇ ಬೀಳುತ್ತಿತ್ತು. ಓಡಿಸಿದರೆ ಇಲ್ಲ. ಹೊರಟು ಬಹಳ ದೂರ ಹೋದ ಮೇಲೆ ಸ್ವಲ್ಪ ಮೆದುವಾಗುತ್ತದೆ ಎನ್ನುವುದನ್ನು ಗಮನಿಸಿದ್ದೆ. ಆದರೆ ಅದನ್ನು ನನ್ನ ಕೈ ಪಳಗುತ್ತಿದೆ ಎಂದು ತಿಳಿದುಕೊಂಡೆನೇ ಹೊರತು ಬೇರೆ ಅರ್ಥ ಹಚ್ಚಲಿಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ಮೊದಲಿನ ಹಾಗೆಯೇ ಆದಾಗ, ಕಲಿತದ್ದೆಲ್ಲ ರಾತ್ರಿ ಮರೆತುಹೋಗುತ್ತದೇನೋ ಎಂದು ದಿಗಿಲಾಗುತ್ತಿತ್ತು.

ಇನ್ನೊಂದು ಅನುಮಾನವೂ ಕೊರೆಯುತ್ತಿತ್ತು. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಿನ ಹತ್ತಿರವೂ ಒಂದು ಕ್ಲಚ್ ಇರುತ್ತದೆ. ನಾನು ಚೆನ್ನಾಗಿ ಓಡಿಸುತ್ತಿದ್ದೇನೆ ಎಂದು ಹಿಗ್ಗುತ್ತಿದ್ದಾಗೆಲ್ಲ ಒತ್ತುತ್ತಿದ್ದದ್ದು ಅವಳ ಕಾಲೇ ಇರಬಹುದೇ?

ಒಂದು ಬೆಳಿಗ್ಗೆ ಬಸ್ ಟರ್ಮಿನಸ್ ಪಕ್ಕದ ತಿರುವಿನಲ್ಲಿ ಅದು ಆಗಿಯೇಹೋಯಿತು. ದೂರದೂರಿಗೆ ಹೋಗುವ ಬಸ್ಸುಗಳು ಒಂದರ ಹಿಂದೊಂದು ಹೊರಬರುವ ಹೊತ್ತು. ತಿರುಗಿಸಿಕೊಂಡು ಎರಡನೇ ಗೇರಿಗೆ ಎಳೆದೆ, ಬರಲಿಲ್ಲ. ಇನ್ನೊಮ್ಮೆ ಎಳೆದೆ. ಕಾರು ನಡುರಸ್ತೆಯಲ್ಲಿ ನಿಂತಿತು. ಹಿಂದಿನ ಬಸ್ಸು ಹಾರ್ನ್ ಒತ್ತಿಯೇ ಒತ್ತಿತು. ಅದರ ಕಂಡಕ್ಟರ್ ಇಳಿದು ಬಂದು, ಬೈಯುತ್ತಾನೆ ಎಂದು ನಾನು ತಲೆ ತಗ್ಗಿಸಿದರೆ, ಬೈಯದೆ ಉಳಿದ ವಾಹನಗಳನ್ನು ಕೈತೋರಿಸಿ ನಿಲ್ಲಿಸಿ ನಮಗೆ ದಾರಿ ಮಾಡಿಕೊಟ್ಟ. ಮೊದಲನೇ ಗೇರಿನಲ್ಲೇ ಇಂಜಿನ್ ಅರಚಿಸುತ್ತ ಮನೆಯವರೆಗೂ ಬಂದೆ.

ಇವರು ಅವತ್ತು ಕ್ಲಚ್ಚಿನ ಮಾತೆತ್ತಲಿಲ್ಲ. ಮನೆಯೊಳಗೆ ಬಂದು ನೀರು ಕುಡಿದು, ಬಹಳ ಮೆತ್ತಗೆ, "ಬಿಡು. ನಿನಗೆ ಇದೆಲ್ಲಾ ಯಾಕೆ. ಟ್ಯಾಕ್ಸಿಲೇ ಹೋಗೋಣ," ಎಂದರು.

ಅವರು ಗದರಿದ್ದರೆ ನಾನೂ ಒಂದು ಮಾತು ಹೇಳುತ್ತಿದ್ದೆ. ಅಡುಗೆಮನೆಗೆ ಹೋಗಿ ಬೇಳೆ ತೊಳೆಯುತ್ತ ನಿಂತುಕೊಂಡೆ.

ಕಲಿಸಿದವಳಿಗೆ ಫೋನ್ ಮಾಡಿದ್ದು ಬೇರೆ ಯಾವ ಉದ್ದೇಶದಿಂದಲೂ ಅಲ್ಲ. ಇನ್ನು ಓಡಿಸುವುದಿಲ್ಲ, ನೀನು ಪಟ್ಟ ಶ್ರಮ ವ್ಯರ್ಥವಾಯಿತು, ಬೇಜಾರು ಮಾಡಿಕೋಬೇಡ ಎಂದು ಹೇಳುವುದಕ್ಕೆ. ಅವಳು ಕೇಳಿಸಿಕೊಂಡು, ಭಾನುವಾರ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಗಾಡಿಯನ್ನು ಮುಟ್ಟಬೇಡಿ, ತಣ್ಣಗೇ ಇರಲಿ ಎಂದಳು. ಬಂದವಳು ನನ್ನನ್ನು ಪಕ್ಕದಲ್ಲಿ, ಇವರನ್ನು ಹಿಂದೆ ಕೂರಿಸಿಕೊಂಡು ತಾನೇ ಓಡಿಸಿದಳು. ಗೇಟು ದಾಟಿ ಎರಡನೇ ಗೇರಿಗೆ ಎಳೆದಳು. ಕರಕರ. ಕಾರು ನಿಲ್ಲಿಸಿ, ಮತ್ತೆ ಹೊರಟು, ಇನ್ನಷ್ಟು ನಿಧಾನವಾಗಿ ಎಳೆದಳು. ಆಗಲೂ ಅದೇ ಸದ್ದು.

ಅವಳು ಪಕ್ಕಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಅಕ್ಕಾ, ಇದು ಉಂಗ ಕೈ ಇಲ್ಲೆ. ವಂಡಿ."

ನಿಮ್ಮ ಕೈಯಲ್ಲ, ಗಾಡಿಯದೇ ತೊಂದರೆ. ಅಷ್ಟೇ ಮಾತು. ಕಿಟಕಿಯ ಕಡೆ ತಿರುಗಿ, ಹಾಲಿನ ಬೂತಿನ ಮುಂದೆ ನಿಂತವರನ್ನು ನೋಡುತ್ತ ಕೂತೆ. ಆಮೇಲೆ ಧೈರ್ಯ ಮಾಡಿ ಸ್ಕೂಲಿನ ಕಾರಿನ ಇನ್ನೊಂದು ಕ್ಲಚ್ಚಿನ ವಿಷಯ ಕೇಳಿದೆ. ಮೊದಲ ವಾರ ಬಿಟ್ಟರೆ ಅದನ್ನು ತಾನು ಮುಟ್ಟಿದ್ದೇ ಇಲ್ಲ ಎಂದು ಅವಳು ನಕ್ಕಳು.

ಹಿಂದಿನ ಸೀಟಿನಿಂದ ಇವರು, ಗೇರ್‌ಬಾಕ್ಸಿನ ಆಯಿಲ್ ತಾವೇ ನಿಂತು ಹಾಕಿಸಿದ್ದು, ಕಣ್ಣಿನ ತೊಂದರೆ ಶುರುವಾಗುವ ಸ್ವಲ್ಪ ಮುಂಚೆ, ಅದರಲ್ಲಿ ದೋಷ ಇರಲಾರದು ಎಂದರು. ಅವಳು, ತನಗೆ ಆಯಿಲ್ ವಿಷಯ ಗೊತ್ತಿಲ್ಲ, ಆದರೆ ಮಳೆಗಾಲದಲ್ಲಿ ಈ ಕಾರು ನೀರಿನಲ್ಲಿ ನಿಂತಿತ್ತೇ ಎಂದು ಕೇಳಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಿಂತಿತ್ತು. ಕಳೆದ ಮಳೆಯಲ್ಲಿ ನಮ್ಮ ಬೀದಿಯಲ್ಲಿ ಚಕ್ರದ ಅರ್ಧಕ್ಕಿಂತ ಮೇಲೆ ನೀರು ಬಂದಿತ್ತು. ನೀರೇನಾದರೂ ಒಳಗೆ ಹೋಗಿದ್ದರೆ ಬಾಕ್ಸನ್ನು ಬಿಚ್ಚಬೇಕಾಗುತ್ತದೆ ಎಂದಳು. ನನ್ನ ಕೈಯ ತಪ್ಪಲ್ಲ ಎಂಬ ಸಮಾಧಾನ ಗಟ್ಟಿಯಾಗುವ ಮೊದಲೇ ಈ ಹೊಸ ಚಿಂತೆ ಬಂದು ಕೂತಿತು. ಬಿಚ್ಚಿದ ಗೇರ್‌ಬಾಕ್ಸ್ ಮೊದಲಿನ ಹಾಗೆ ಕೂಡುವುದೇ ಇಲ್ಲ ಎಂದು ಇವರು ದಿನವಿಡೀ ಹೇಳುತ್ತಿದ್ದರು. ಮುಂದಿನ ಇಂಜೆಕ್ಷನ್ ಹತ್ತಿರ ಬರುತ್ತಿತ್ತು.

ಸೋಮವಾರ ಅವಳಿಗೆ ಪರಿಚಯವಿದ್ದ ಒಂದು ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ನಮ್ಮ ವಯಸ್ಸಿನವನೇ, ಕನ್ನಡಕದ ದಾರವನ್ನು ಕೊರಳಿಗೆ ಹಾಕಿಕೊಂಡಿದ್ದ. ನಾನು ಲಕ್ಷಣಗಳನ್ನೆಲ್ಲ ಹೇಳಿದೆ: ಬೆಳಿಗ್ಗೆ ಕಷ್ಟ, ಬಹಳ ಓಡಿಸಿದ ಮೇಲೆ ಕಡಿಮೆ, ಎರಡನೆಯದರಲ್ಲೇ ಹೆಚ್ಚು, ಇಂಜಿನ್ ಚಾಲೂ ಇದ್ದರೂ ಕಾರು ನಿಂತಾಗ ಇಲ್ಲ. ಕ್ಲಚ್ಚಿನ ತೊಂದರೆಯಾದರೆ ನಿಂತಾಗಲೂ, ರಿವರ್ಸ್ ಹಾಕುವಾಗಲೂ ಸದ್ದು ಬರಬೇಕಿತ್ತು, ಮೊದಲು ಆಯಿಲ್ ನೋಡೋಣ ಎಂದು ಅವನು ಕಾರನ್ನು ಲಿಫ್ಟಿನ ಮೇಲೆ ಸಮವಾಗಿ ಏರಿಸಿದ. ಇಂಜಿನ್ ಆಯಿಲಿನ ಹಾಗೆ ಗೇರ್‌ಬಾಕ್ಸಿಗೆ ಎಳೆದು ನೋಡುವ ಕಡ್ಡಿಯಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಅವತ್ತೇ. ಪಕ್ಕದಲ್ಲಿ ಒಂದು ಬೋಲ್ಟು ಇರುತ್ತದೆ. ಅದನ್ನು ಬಿಚ್ಚಿದರೆ ಆಯಿಲ್ ಆ ತೂತಿನ ಅಂಚಿನವರೆಗೆ ಇರಬೇಕು. ಅವನು ಕಿರುಬೆರಳನ್ನು ಒಳಗೆ ಬಾಗಿಸಿ ತೆಗೆದ. ಆಯಿಲ್ ಅಂಚಿಗೇ ಇತ್ತು. ಕಡಿಮೆಯಾಗಿಲ್ಲ.

ಇವರು ಹತ್ತಿರ ಬಂದು ಬಗ್ಗಿದರು, ಕಣ್ಣು ಕಿರಿದು ಮಾಡಿದರು, ಮತ್ತೆ ನೆಟ್ಟಗೆ ನಿಂತರು. ಕಾರಿನ ಅಡಿಯ ಮಬ್ಬಿನಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ. ನನ್ನ ತೋಳು ಹಿಡಿದು ಮುಂದಕ್ಕೆ ಬಿಟ್ಟರು.

"ಬಣ್ಣ ಹೇಗಿದೆ ಹೇಳು. ಹಾಲು ಹಾಕಿದ ಕಾಫಿ ಥರ ಇದೆಯಾ?"

ನೀರು ಸೇರಿದರೆ ಆಯಿಲ್ ಹಾಗೆ ಬಿಳಿಚಿ ಮೊಸರುಮೊಸರಾಗುತ್ತದೆ ಎಂದು ಹಿಂದಿನ ರಾತ್ರಿ ಅವರೇ ಹೇಳಿದ್ದರು. ಮೆಕ್ಯಾನಿಕ್ ತನ್ನ ಬೆರಳನ್ನು ಬೆಳಕಿಗೆ ಹಿಡಿದ. ನಾನು ಚೆನ್ನಾಗಿ ನೋಡಿದೆ.

"ಇಲ್ಲ ರೀ. ಡಿಕಾಕ್ಷನ್ ಥರ ಇದೆ. ತೆಳು ಡಿಕಾಕ್ಷನ್. ಬೆಳಕು ಹಾಯತ್ತೆ."

"ಹಾಗಾದ್ರೆ ನೀರು ಹೋಗಿಲ್ಲ," ಎಂದು ಅವರು ಉಸಿರು ಬಿಟ್ಟರು. ನಾನೂ ಬಿಟ್ಟೆ.

ಆಮೇಲೆ ಕೆಳಗಿನ ಬೋಲ್ಟು ಬಿಚ್ಚಿ ಪೂರ್ತಿ ಆಯಿಲನ್ನು ಮೆಕ್ಯಾನಿಕ್ ಒಂದು ಟ್ರೇಗೆ ಇಳಿಸಿದ. ಅದು ಸುರಿಯಲಿಲ್ಲ, ಜೋನಿಬೆಲ್ಲದ ಹಾಗೆ ಎಳೆಯೆಳೆಯಾಗಿ ಇಳಿಯಿತು. ಇಳಿಯುತ್ತಲೇ ಇತ್ತು. ಮೆಕ್ಯಾನಿಕ್ ಹುಬ್ಬೇರಿಸಿ ನೋಡುತ್ತಿದ್ದ. ಕೆಳಗಿನ ಬೋಲ್ಟಿನ ತುದಿಯಲ್ಲಿ ಒಂದು ಸಣ್ಣ ಅಯಸ್ಕಾಂತ. ಅದಕ್ಕೆ ಬೂದುಬಣ್ಣದ ಮೆತ್ತನೆಯ ಕೆಸರು ಹತ್ತಿತ್ತು. ಅವನು ಅದನ್ನು ಹೆಬ್ಬೆರಳಿನಿಂದ ತಿಕ್ಕಿ, ಚೂರುಗಳೇನಾದರೂ ಸಿಗುತ್ತವೆಯೇ ಎಂದು ಹುಡುಕಿದ. ಇಷ್ಟು ನುಣ್ಣಗಿದ್ದರೆ ಭಯವಿಲ್ಲ, ಹಲ್ಲುಗಳು ಒಂದಕ್ಕೊಂದು ಉಜ್ಜಿ ಬರುವ ಹಿಟ್ಟು ಇದು, ಎಲ್ಲಾ ಕಾರಿನಲ್ಲೂ ಇರುತ್ತದೆ, ಚುಚ್ಚುವ ಚೂರು ಸಿಕ್ಕರೆ ಮಾತ್ರ ಬಿಚ್ಚಬೇಕು ಎಂದ. ಬಿಳಿಯ ಹಳೆ ಪಂಚೆಯ ತುಂಡಿನ ಮೇಲೆ ಸ್ವಲ್ಪ ಆಯಿಲ್ ಸುರಿದು ಹರಡಿದ. ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಬಹಳ ಸಣ್ಣಗೆ ಚಿನ್ನದ ಬಣ್ಣದ ಮಿನುಗು. ಗೇರ್ ಬೀಳುವಾಗ ವೇಗವನ್ನು ಹೊಂದಿಸುವ ಹಿತ್ತಾಳೆಯ ಬಳೆಗಳು ಒಳಗಿರುತ್ತವಂತೆ. ಅವು ಒಂದಿಷ್ಟು ಸವೆದಿವೆ ಎಂದ. ಸ್ವಲ್ಪವೇ.

ಈಗ ಇವರು ಟ್ರೇಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಎರಡು ಬೆರಳು ಅದ್ದಿ, ಹೆಬ್ಬೆರಳಿನ ಜೊತೆ ಉಜ್ಜಿ, ಬೆರಳುಗಳನ್ನು ಅಗಲಿಸಿ ಎಳೆಯನ್ನು ನೋಡಲು ಪ್ರಯತ್ನಿಸಿದರು. ಮೂಗಿಗೆ ಹಿಡಿದರು. ಸುಟ್ಟ ವಾಸನೆಯಿಲ್ಲ, ಆದರೆ ಗಂಧಕದ ಘಾಟು ಜೋರಾಗಿದೆ ಎಂದರು. ಆಮೇಲೆ ಮೆಕ್ಯಾನಿಕ್‌ಗಲ್ಲ, ನನಗೆ ಹೇಳಿದರು:

"ಇದು ಲಾರಿ ಆಕ್ಸಲ್‌ಗೆ ಹಾಕೋ ಆಯಿಲ್ ಕಣೇ. ನಾನೇ ಕೇಳಿ ಹಾಕಿಸಿದ್ದು. ಮದ್ರಾಸ್ ಬಿಸಿಲಿಗೆ ದಪ್ಪ ಆಯಿಲ್ ಇದ್ರೆ ಒಳ್ಳೇದು ಅಂದ್ಕೊಂಡೆ."

ಅವರ ಲೆಕ್ಕಾಚಾರ ನನಗೆ ಅರ್ಥವಾಯಿತು. ಜೀವಮಾನವಿಡೀ ದೊಡ್ಡ ಯಂತ್ರಗಳಿಗೆ ಗ್ರೀಸು, ಆಯಿಲ್ ಉಣಿಸಿದ ಮನುಷ್ಯ. ಭಾರ ಹೊರುವ ಹಲ್ಲಿಗೆ ದಪ್ಪ ಆಯಿಲೇ ರಕ್ಷೆ ಎನ್ನುವುದು ಅವರ ನಂಬಿಕೆ; ಅದು ಸುಳ್ಳೂ ಅಲ್ಲ. ಆದರೆ ನಮ್ಮ ಪುಟ್ಟ ಕಾರಿನ ಹಿತ್ತಾಳೆ ಬಳೆಗಳಿಗೆ ಹಿಡಿತ ಬೇಕು. ಆ ಆಯಿಲ್ ತಣ್ಣಗಿದ್ದಾಗ ಅಂಟಿನ ಹಾಗೆ ತಡೆಯುತ್ತದೆ. ಮೇಲಾಗಿ ವಿಪರೀತ ಜಾರು, ಬಳೆಗೆ ಹಿಡಿತವೇ ಸಿಗುವುದಿಲ್ಲ. ಅದರೊಳಗೆ ಸೇರಿಸುವ ಗಂಧಕ ಹಿತ್ತಾಳೆಯನ್ನು ತಿನ್ನುವುದೂ ಉಂಟಂತೆ. ಇವರು ಅದನ್ನು ಹಾಕಿಸಿದ ಮೇಲೆ ತಾವು ಓಡಿಸಿದ್ದೇ ಕಡಿಮೆ, ಆಮೇಲೆ ಕಣ್ಣು ಮಂಜಾಯಿತು. ಆದ್ದರಿಂದ ಅವರಿಗೆ ತಿಳಿಯುವ ಅವಕಾಶವೇ ಇರಲಿಲ್ಲ. ತಣ್ಣಗಿನ ಬೆಳಗುಗಳೆಲ್ಲ ನನ್ನ ಪಾಲಿಗೆ ಬಂದವು.

"ಬಾಕ್ಸ್ ನಲ್ಲಾ ಇರುಕ್ಕು ಅಮ್ಮಾ," ಎಂದ ಮೆಕ್ಯಾನಿಕ್. ಬಾಕ್ಸ್ ಚೆನ್ನಾಗಿದೆ. ಬಿಚ್ಚುವುದು ಬೇಡ, ಸರಿಯಾದ ಆಯಿಲ್ ಹಾಕಿ ನೋಡೋಣ. ಆ ಮಾತು ಕೇಳಿ ನಾನು ಅಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟೆ.

ಸರಿಯಾದದ್ದು ಯಾವುದು ಎನ್ನುವುದರಲ್ಲಿ ಮಾತ್ರ ಅವನಿಗೂ ಖಚಿತವಿರಲಿಲ್ಲ. ತಾನು ಹಳೇ ಕಾರುಗಳಿಗೆಲ್ಲ ಒಂದೇ ಬಗೆಯದು ಹಾಕುತ್ತೇನೆ, ನಿಮ್ಮ ಮಾಡೆಲ್‌ಗೆ ಬೇರೆ ಇದ್ದರೂ ಇರಬಹುದು, ಕಾರಿನ ಜೊತೆ ಬಂದ ಪುಸ್ತಕ ಇದೆಯೇ ಎಂದು ಕೇಳಿದ. ಅದು ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇತ್ತು. ಇವರು ವಾಡಿಕೆಯಂತೆ ಕೈಚಾಚಿದರು, ಆಮೇಲೆ ನೆನಪಾಗಿ ನನಗೇ ಕೊಟ್ಟರು. ಸಣ್ಣಕ್ಷರ ಓದುವುದು ನನಗೆ ಹೊಸದಲ್ಲ. ಪಾಲಿಸಿಯ ಹಿಂಬದಿಯನ್ನು ಓದಿಯೇ ಸಂಬಳ ತೆಗೆದುಕೊಂಡವಳು. ಹಾಳೆ ಮಗುಚಿ ಗೇರ್‌ಬಾಕ್ಸಿನ ಸಾಲು ಹುಡುಕಿ ಜೋರಾಗಿ ಓದಿದೆ. ಎಪ್ಪತ್ತೈದು ಡಬ್ಲ್ಯೂ ತೊಂಬತ್ತು, ಜಿಎಲ್ ನಾಲ್ಕು. ಮೊದಲ ಸಂಖ್ಯೆ ತಣ್ಣಗಿದ್ದಾಗ ಎಷ್ಟು ಹರಿಯುತ್ತದೆ ಎನ್ನುವುದಕ್ಕೆ, ಎರಡನೆಯದು ಬಿಸಿಯಾದಾಗ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ, ಜಿಎಲ್ ಅಂದರೆ ಗಂಧಕದಂಥವು ಎಷ್ಟು ಸೇರಿವೆ ಎನ್ನುವ ದರ್ಜೆ ಎಂದು ಇವರು ವಿವರಿಸಿದರು. ಹಾಕಿಸಿದ್ದದ್ದು ಎಂಬತ್ತೈದು ಡಬ್ಲ್ಯೂ ನೂರಾ ನಲವತ್ತು, ಜಿಎಲ್ ಐದು. ಹೇಳುವಾಗ ಅವರ ದನಿ ಸಣ್ಣದಾಯಿತು.

ಎದುರಿನ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಎರಡು ಡಬ್ಬಿ ತಂದು ಇಟ್ಟ. ಒಂದರ ಮೇಲೆ ಜಿಎಲ್ ನಾಲ್ಕು ಮತ್ತು ಐದು, ಎರಡಕ್ಕೂ ಆಗುತ್ತದೆ ಎಂದಿತ್ತು. ಅದೇ ಹೆಚ್ಚು ಓಡುತ್ತದೆ, ಒಳ್ಳೆಯದು ಎಂದ. ಇನ್ನೊಂದರ ಮೇಲೆ ಬರೀ ನಾಲ್ಕು. ಮೆಕ್ಯಾನಿಕ್, ಎರಡಕ್ಕೂ ಆಗುವುದನ್ನು ಹಾಕಿ ತೊಂದರೆಯಾಗದವರೂ ಇದ್ದಾರೆ, ನಿಮ್ಮ ಬಳೆ ಮೊದಲೇ ಸವೆದಿರುವುದರಿಂದ ತನಗೆ ಧೈರ್ಯವಿಲ್ಲ, ನೀವೇ ಹೇಳಿ ಎಂದ. ಇವರೂ ನನ್ನ ಕಡೆಯೇ ನೋಡಿದರು. ಮದುವೆಯಾದಾಗಿನಿಂದ ಮನೆಯ ಯಾವ ಯಂತ್ರದ ವಿಷಯದಲ್ಲೂ ಅವರು ನನ್ನನ್ನು ಕೇಳಿದವರಲ್ಲ. ಮಿಕ್ಸಿಯ ಬ್ಲೇಡನ್ನೂ ಅವರೇ ಆರಿಸುತ್ತಿದ್ದರು. ಪುಸ್ತಕದಲ್ಲಿ ಏನಿದೆಯೋ ಅದೇ ಬರೆದಿರುವ ಡಬ್ಬಿ ಸಾಕು, ಅದಕ್ಕಿಂತ ಹೆಚ್ಚಿನದು ಬೇಡ ಎಂದೆ.

ಹೊಸ ಆಯಿಲ್ ಜೇನಿನ ಬಣ್ಣಕ್ಕಿತ್ತು. ಕೊಳವೆಯಲ್ಲಿ ಸಲೀಸಾಗಿ ಹರಿಯಿತು. ಮೇಲಿನ ತೂತಿನಿಂದ ತೊಟ್ಟಿಕ್ಕುವವರೆಗೆ ತುಂಬಿಸಿ, ಹರಿಯುವುದು ನಿಂತ ಮೇಲೆ ಮೆಕ್ಯಾನಿಕ್ ಬೋಲ್ಟು ಬಿಗಿದ. ಮೂಲೆಗಳಲ್ಲಿ ಹಳೆಯದು ಸ್ವಲ್ಪ ಉಳಿದೇ ಇರುತ್ತದೆ, ಕೆಲವು ವಾರ ಓಡಿಸಿ ಬನ್ನಿ, ಇನ್ನೊಮ್ಮೆ ಇಳಿಸಿ ಹಾಕುತ್ತೇನೆ, ಆಗ ಆ ಮಿನುಗು ಹೆಚ್ಚಾಗಿದೆಯೇ ಕಡಿಮೆಯಾಗಿದೆಯೇ ನೋಡೋಣ ಎಂದ ಮೆಕ್ಯಾನಿಕ್.

ಅಂದು ಮನೆಗೆ ಬರುವಾಗ ಗೇರ್ ಚೆನ್ನಾಗಿಯೇ ಬಿತ್ತು. ಆದರೆ ನಾನು ನಂಬಲಿಲ್ಲ. ಬಿಸಿಯಾದಾಗ ಮೊದಲೂ ಹಾಗೆಯೇ ಅಲ್ಲವೇ? ಮಾರನೆಯ ಬೆಳಿಗ್ಗೆ ಸ್ನಾನಕ್ಕೂ ಮುಂಚೆ, ನೈಟಿಯ ಮೇಲೆ ದುಪಟ್ಟಾ ಹೊದ್ದು ಕೆಳಗಿಳಿದೆ. ಇವರೂ ಹಿಂದೆಯೇ ಬಂದು ಪಕ್ಕದ ಸೀಟಿನಲ್ಲಿ ಕೂತರು. ಬೀದಿಯ ತುದಿಗೆ ಬಂದು ಕ್ಲಚ್ ಒತ್ತಿ ಎರಡನೆಯದಕ್ಕೆ ಎಳೆದೆ. ಸ್ವಲ್ಪ ತಡೆದು, ಮೆಲ್ಲಗೆ ಒಳಗೆ ಹೋಯಿತು. ಸದ್ದಿಲ್ಲ. ನಿಲ್ಲಿಸಿ ಮತ್ತೆ ಹೊರಟೆ. ಮತ್ತೆ ಸದ್ದಿಲ್ಲ. ಡೈರಿಯ ಸುತ್ತ ಪೂರ್ತಿ ಒಂದು ಸುತ್ತು ಬಂದೆವು.

ಮನೆಯ ಮುಂದೆ ನಿಲ್ಲಿಸಿದಾಗ ಅವರು ಇಳಿಯಲಿಲ್ಲ. "ಇಷ್ಟು ದಿನ ನಿನ್ನ ಕಾಲನ್ನ ಬೈದೆ. ಬೈಸ್ಕೋಬೇಕಾಗಿದ್ದು ನಾನು ಹಾಕ್ಸಿದ ಆಯಿಲ್," ಎಂದರು. ನಾನು, ಹೋಗಲಿ ಬಿಡಿ, ಆ ಬೈಗುಳದಿಂದಲೇ ನನಗೆ ಕ್ಲಚ್ ಪೂರ್ತಿ ಒತ್ತುವ ಅಭ್ಯಾಸವಾಯಿತು ಎಂದೆ. ಸುಳ್ಳೇನಲ್ಲ. ಅವರು ನಕ್ಕರು. ಬಹಳ ದಿನಗಳ ಮೇಲೆ ಹಾಗೆ ನಕ್ಕದ್ದು. ಅವರಿಗೂ ಭಯವಿತ್ತೆಂದು ನನಗೆ ಆಗ ತಿಳಿಯಿತು. ನಾನು ಸೋತು ಕೈಬಿಟ್ಟರೆ ತಾವು ಶಾಶ್ವತವಾಗಿ ಇನ್ನೊಬ್ಬರ ಗಾಡಿಗೆ ಕಾಯಬೇಕಾಗುತ್ತದೆ ಎಂಬ ಭಯ.

ಪೋರೂರಿಗೆ ಹೋಗುವ ದಿನ ಬೇಗ ಹೊರಟೆವು. ಬೈಪಾಸ್ ರಸ್ತೆಯ ಲಾರಿಗಳ ನಡುವೆಯೂ ಕಾರು ಎಲ್ಲೂ ನಿಲ್ಲಲಿಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರು ಕಣ್ಣಿನ ಪರದೆಯ ಊತ ಬಹಳ ಇಳಿದಿದೆ, ಇವತ್ತು ಇಂಜೆಕ್ಷನ್ ಬೇಡ, ಸಕ್ಕರೆ ಹೀಗೆಯೇ ಹಿಡಿತದಲ್ಲಿಟ್ಟುಕೊಂಡು ಇನ್ನೊಂದು ಸಲ ತೋರಿಸಿ ಎಂದರು. ಇವರು ನಂಬದವರಂತೆ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಹೊರಗೆ ಬಂದಾಗ ಇನ್ನೂ ಹನ್ನೊಂದು ಗಂಟೆಯಾಗಿರಲಿಲ್ಲ. ಮನೆಯ ಕಡೆ ತಿರುಗಿಸಲು ಹೊರಟವಳನ್ನು ತಡೆದು ಇವರು, ಅಡ್ಯಾರ್‌ನಲ್ಲಿರುವ ತಮ್ಮ ಅಕ್ಕನನ್ನು ನೋಡಿ ಎಷ್ಟೋ ಕಾಲವಾಯಿತು, ಹೋಗೋಣವೇ ಎಂದರು. ಆ ದಾರಿಯ ದಟ್ಟಣೆ ನೆನೆದು ಒಂದು ಕ್ಷಣ ಅಳುಕಿದೆ. ಆಮೇಲೆ ಸರಿ ಎಂದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಒಂದು, ಎರಡು, ಮತ್ತೆ ಒಂದು. ಯಾವಾಗಲೋ ಪಕ್ಕಕ್ಕೆ ನೋಡಿದರೆ ಅವರು ತಲೆ ವಾಲಿಸಿ ನಿದ್ದೆಹೋಗಿದ್ದರು. ಕಣ್ಣಿಗೆ ಹಾಕಿದ್ದ ಔಷಧಿಯ ಹನಿ ಕೆನ್ನೆಯ ಮೇಲೆ ಒಣಗಿತ್ತು.

ಅತ್ತಿಗೆಯ ಮನೆಯ ಮುಂದೆ ಮರದ ನೆರಳು ದಟ್ಟವಾಗಿತ್ತು. ಅಲ್ಲಿ ನಿಲ್ಲಿಸಿ, ಕಿಟಕಿ ಇಳಿಸಿ, ಅವರಿಗೆ ಎಚ್ಚರವಾಗದ ಹಾಗೆ ಅತ್ತಿಗೆಗೆ ಫೋನ್ ಮಾಡಿದೆ. ಕೆಳಗೇ ಇದ್ದೇವೆ, ಇವರು ಮಲಗಿದ್ದಾರೆ, ಎದ್ದ ನಂತರ ಮೇಲೆ ಬರುತ್ತೇವೆ, ಅಡುಗೆಗೆ ಅವಸರ ಮಾಡಬೇಡಿ ಎಂದೆ.